ವಾಗ್ಯುದ್ಧವೂ ಮತದಾರನ ಚಿತ್ತವೂ

ಚುನಾವಣೆಯ ಕಾಲದಲ್ಲಿ, ರಾತ್ರಿ ಎಂಟು ಒಂಬತ್ತು ಗಂಟೆಯ ಹೊತ್ತಿಗೆ, ಬೆಂಗಳೂರಿನ ಬೆನ್ಸನ್ ಟೌನಿನ ಯಾವುದಾದರೊಂದು ಅಡ್ಡರಸ್ತೆಯಲ್ಲಿ ನಡೆದುಹೋಗುವವನಿಗೆ ಒಂದು ಮನೆಯ ಕಿಟಕಿಯಿಂದ ಕನ್ನಡ, ಮಗ್ಗುಲಿನ ಮನೆಯಿಂದ ತಮಿಳು, ಎದುರಿನ ಮಹಡಿಯಿಂದ ಇಂಗ್ಲಿಷು, ಮೂಲೆಯ ಅಂಗಡಿಯಿಂದ ಉರ್ದು ಅಥವಾ ಹಿಂದಿ, ಹೀಗೆ ನಾಲ್ಕಾರು ಭಾಷೆಗಳ ವಾಗ್ವಾದ ಏಕಕಾಲದಲ್ಲಿ ಕಿವಿಗೆ ಬೀಳುವುದುಂಟು. ಭಾಷೆ ಬೇರೆಯಾದರೂ ಧಾಟಿ ಒಂದೇ. ಒಬ್ಬನ ವಾಕ್ಯ ಮುಗಿಯುವ ಮೊದಲೇ ಮತ್ತೊಬ್ಬನದು ಆರಂಭವಾಗಿ, ಇಬ್ಬರದನ್ನೂ ನಿರೂಪಕನ ಕಂಠವು ನುಂಗಿಹಾಕುತ್ತದೆ. ಇಷ್ಟೆಲ್ಲ ಕೋಲಾಹಲದಿಂದ ಒಬ್ಬ ಮತದಾರನಾದರೂ ತಾನು ಮೊದಲು ನಿಶ್ಚಯಿಸಿದ್ದ ಗುಂಡಿಯನ್ನು ಬಿಟ್ಟು ಬೇರೊಂದನ್ನು ಒತ್ತುವನೆ ಎಂಬುದು ಪರಿಹಾಸ್ಯಕ್ಕಾಗಿ ಕೇಳುವ ಪ್ರಶ್ನೆಯಲ್ಲ. ಪ್ರಚಾರವು ಮತದಾರನ ಮನಸ್ಸಿನಲ್ಲಿ ಏನು ಮಾಡುತ್ತದೆಂಬುದನ್ನು ಸಮಾಜವಿಜ್ಞಾನಿಗಳು ಎಂಬತ್ತು ವರ್ಷಗಳಿಗೂ ಮಿಕ್ಕಿ ಅಳೆಯುತ್ತ ಬಂದಿದ್ದಾರೆ.

ಮತದಾರನ ಮನಸ್ಸು ಬದಲಾಗುವುದೇ ಇಲ್ಲವೆಂದು ಹೇಳುವವರಿಗೆ ಕರ್ನಾಟಕದ ಚರಿತ್ರೆಯೇ ಉತ್ತರ ಕೊಡುತ್ತದೆ. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ಛಾಯೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ದೊರೆತವು. ಇದನ್ನು ತಮ್ಮ ಸರ್ಕಾರದ ಮೇಲಿನ ಅವಿಶ್ವಾಸವೆಂದೇ ಭಾವಿಸಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ವಿಧಾನಸಭೆಗೆ ಹೊಸ ಚುನಾವಣೆಯನ್ನು ಬಯಸಿದರು. ಮೂರು ತಿಂಗಳು ತುಂಬುವ ಮೊದಲೇ, 1985ರ ಮಾರ್ಚಿನಲ್ಲಿ, ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನಗಳನ್ನು ಕೊಟ್ಟು ಕಳುಹಿಸಿದರು. ಆಗ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದು ನಾಲ್ಕು ವರ್ಷವೂ ಆಗಿರಲಿಲ್ಲ. ಖಾಸಗಿ ವಾಹಿನಿಗಳಂತೂ ಇನ್ನೂ ಹುಟ್ಟಿರಲಿಲ್ಲ. ನಾಯಕರಿಬ್ಬರನ್ನು ಎದುರುಬದುರು ನಿಲ್ಲಿಸಿ ವಾದ ಮಾಡಿಸುವ ಯಾವ ಏರ್ಪಾಡೂ ಇಲ್ಲದೆ ಇಷ್ಟು ದೊಡ್ಡ ಚಿತ್ತಪಲ್ಲಟ ಸಂಭವಿಸಿತು. ಇಂಥದೇ ಇಬ್ಬಗೆಯ ತೀರ್ಪು 2013 ಮತ್ತು 2014ರಲ್ಲಿಯೂ, 2023 ಮತ್ತು 2024ರಲ್ಲಿಯೂ ಮರುಕಳಿಸಿದೆ. 2023ರಲ್ಲಿ ವಿಧಾನಸಭೆಯ 135 ಸ್ಥಾನಗಳನ್ನು ಗೆದ್ದ ಕಾಂಗ್ರೆಸ್ಸಿಗೆ ಒಂದು ವರ್ಷದ ಮೇಲೆ ಲೋಕಸಭೆಗೆ ದಕ್ಕಿದ್ದು ಒಂಬತ್ತು ಮಾತ್ರ.

ಹಾಗಾದರೆ ಬದಲಾದದ್ದು ಯಾವುದು? 1984ರ ಡಿಸೆಂಬರಿನಲ್ಲಿ ಮತದಾರನ ಮುಂದಿದ್ದ ಪ್ರಶ್ನೆ ದೇಶದ ಭವಿತವ್ಯ. ಮಾರ್ಚಿನಲ್ಲಿ ಇದ್ದದ್ದು ರಾಜ್ಯದ ಆಡಳಿತ. ಅಭಿಪ್ರಾಯಗಳು ಅವೇ ಇದ್ದು, ಅವುಗಳಲ್ಲಿ ಯಾವುದು ಮುಖ್ಯವೆಂಬ ತಾರತಮ್ಯ ಮಾತ್ರ ಬದಲಾಯಿತೆಂದು ನಾನು ತಿಳಿಯುತ್ತೇನೆ. ಈ ಊಹೆಗೆ ಬೆಂಬಲವಾಗಬಲ್ಲ ಶೋಧನೆಯೊಂದು ಈಚೆಗೆ, 2023ರಲ್ಲಿ, ಪ್ರಕಟವಾಯಿತು. ಕರೋಲಿನ್ ಲ ಪೆನೆಕ್ ಮತ್ತು ವಿನ್ಸೆಂಟ್ ಪಾನ್ಸ್ ಎಂಬ ಅರ್ಥಶಾಸ್ತ್ರಜ್ಞರು 1952ರಿಂದೀಚೆಗೆ ಹತ್ತು ದೇಶಗಳಲ್ಲಿ ನಡೆದ 62 ಚುನಾವಣೆಗಳನ್ನೂ 56 ಟಿ.ವಿ. ಸಂವಾದಗಳನ್ನೂ ಒಟ್ಟಿಗೆ ಪರೀಕ್ಷಿಸಿದರು. ಅವರ ವಿಧಾನ ಸರಳವಾದುದು, ಆದರೆ ಸೊಗಸಾದುದು. ಚುನಾವಣೆಗೆ ಮುನ್ನ ಬೇರೆಬೇರೆ ದಿನಗಳಲ್ಲಿ ಬೇರೆಬೇರೆ ಮತದಾರರನ್ನು ‘ಯಾರಿಗೆ ಮತ ಹಾಕುವಿರಿ’ ಎಂದು ಕೇಳಿ, ಮತದಾನ ಮುಗಿದ ಮೇಲೆ ಅವರನ್ನೇ ಮತ್ತೆ ಕಂಡು ‘ಯಾರಿಗೆ ಹಾಕಿದಿರಿ’ ಎಂದು ವಿಚಾರಿಸಿದ ಸಮೀಕ್ಷೆಗಳನ್ನು ಅವರು ಕಲೆಹಾಕಿದರು. ಎರಡು ಉತ್ತರಗಳೂ ಒಂದೇ ಆಗಿರುವವರ ಪ್ರಮಾಣವು ಚುನಾವಣೆ ಹತ್ತಿರವಾದಂತೆ ಮೆಲ್ಲಮೆಲ್ಲನೆ ಏರುತ್ತ ಹೋಗುವುದು ಸಹಜ. ಟಿ.ವಿ. ಸಂವಾದವು ಜನರ ನಿರ್ಧಾರವನ್ನು ರೂಪಿಸುವುದು ನಿಜವಾದರೆ, ಸಂವಾದ ನಡೆದ ರಾತ್ರಿಯ ಮರುದಿನ ಆ ಏರುರೇಖೆಯಲ್ಲಿ ಒಂದು ಮೆಟ್ಟಿಲು ಕಾಣಿಸಬೇಕಷ್ಟೆ. ಮೆಟ್ಟಿಲು ಕಾಣಲಿಲ್ಲ. ಕೊನೆಯ ಎರಡು ತಿಂಗಳಲ್ಲಿ ಶೇಕಡಾ 17ರಿಂದ 29ರಷ್ಟು ಮತದಾರರು ತಮ್ಮ ನಿರ್ಧಾರವನ್ನು ಮಾಡುವುದೋ ಮಾರ್ಪಡಿಸುವುದೋ ಉಂಟು. ಆದರೆ ಅದು ಸಂವಾದದ ರಾತ್ರಿಗೆ ಕಟ್ಟುಬಿದ್ದದ್ದಲ್ಲ. ನೀತಿಗಳ ವಿಷಯದಲ್ಲಿ ಜನರ ಒಲವು ಪ್ರಚಾರದುದ್ದಕ್ಕೂ ಅಚಲವಾಗಿಯೇ ಇದ್ದು, ಯಾವ ವಿಷಯ ಪ್ರಧಾನ, ಅಭ್ಯರ್ಥಿ ಎಂಥವನು ಎಂಬ ಭಾವನೆಗಳು ಮಾತ್ರ ಸರಿದಾಡಿದ್ದುವು.

ಸಂವಾದ ನೋಡಿದವರನ್ನೂ ನೋಡದವರನ್ನೂ ನೇರವಾಗಿ ಹೋಲಿಸಿದರೆ ಸಾಲದೆ ಎಂದು ಓದುಗರು ಕೇಳಬಹುದು. ಸಾಲದು, ಏಕೆಂದರೆ ನೋಡುವವರು ಬಹುಮಟ್ಟಿಗೆ ಮೊದಲೇ ಒಂದು ಪಕ್ಷವನ್ನು ಹಿಡಿದವರು, ತಮ್ಮ ಕಡೆಯವನ ಜಾಣ್ಮೆಯನ್ನು ಸವಿಯಲೆಂದು ಕುಳಿತವರು. 1960ರ ಸೆಪ್ಟೆಂಬರ್ 26ರಂದು ಶಿಕಾಗೋದಲ್ಲಿ ಅಮೆರಿಕದ ಅಧ್ಯಕ್ಷಪದವಿಯ ಅಭ್ಯರ್ಥಿಗಳಾದ ಕೆನೆಡಿ–ನಿಕ್ಸನ್ನರ ನಡುವೆ ನಡೆದ ಸಂವಾದದ ಬಗ್ಗೆ ಪ್ರಚಲಿತವಾಗಿರುವ ಐತಿಹ್ಯ ಈ ಎಚ್ಚರ ತಪ್ಪಿದ್ದರ ಫಲ. ರೇಡಿಯೋ ಕೇಳಿದವರು ನಿಕ್ಸನ್ ಗೆದ್ದನೆಂದರು, ಟಿ.ವಿ. ನೋಡಿದವರು ಕೆನೆಡಿ ಗೆದ್ದನೆಂದರು ಎಂಬುದು ಆ ಕಥೆ. ಅದಕ್ಕೆ ಆಧಾರವಾದ ಸಮೀಕ್ಷೆಯಲ್ಲಿ ರೇಡಿಯೋ ಶ್ರೋತೃಗಳ ಸಂಖ್ಯೆ ಮುನ್ನೂರನ್ನೂ ಮುಟ್ಟಲಿಲ್ಲ. ಆ ಕಾಲದಲ್ಲಿ ಟಿ.ವಿ. ಇಲ್ಲದ ಮನೆಗಳವರು ಮೊದಲಿಂದಲೂ ನಿಕ್ಸನ್ನನ ಕಡೆಗೇ ವಾಲಿದ್ದಿರಬಹುದೆಂಬ ಆಕ್ಷೇಪವನ್ನು 1987ರಲ್ಲಿ ಇಬ್ಬರು ವಿದ್ವಾಂಸರು ಎತ್ತಿದರು. ಆದರೆ ಕಥೆ ಪೂರಾ ಪೊಳ್ಳೆಂದೂ ಹೇಳುವಂತಿಲ್ಲ. 2003ರಲ್ಲಿ ಜೇಮ್ಸ್ ಡ್ರಕ್‌ಮನ್ ಎಂಬಾತ ಆ ಹಳೆಯ ಸಂವಾದವನ್ನು ಅದರ ಪರಿಚಯವಿಲ್ಲದ ಯುವಜನರಿಗೆ, ಕೆಲವರಿಗೆ ಚಿತ್ರಸಹಿತವಾಗಿ, ಕೆಲವರಿಗೆ ಧ್ವನಿಮಾತ್ರವಾಗಿ ಒದಗಿಸಿದಾಗ, ಚಿತ್ರ ಕಂಡವರು ಕೆನೆಡಿ ಗೆದ್ದನೆನ್ನುವ ಸಂಭವ ಹೆಚ್ಚಾಗಿತ್ತು. ‘ಯಾರು ಗೆದ್ದರು’ ಎಂಬ ತೀರ್ಮಾನ ಹೀಗೆ ಸುಲಭವಾಗಿ ಅಲುಗಾಡುತ್ತದೆ. ‘ಯಾರಿಗೆ ಹಾಕುತ್ತೇನೆ’ ಎಂಬುದು ಅಷ್ಟು ಸುಲಭವಾಗಿ ಅಲುಗದು. 2010ರ ಏಪ್ರಿಲಿನಲ್ಲಿ ಬ್ರಿಟನ್ನಿನ ಮೊದಲ ಟಿ.ವಿ. ಸಂವಾದದಲ್ಲಿ ಮಿಂಚಿದ ಪಕ್ಷನಾಯಕ ನಿಕ್ ಕ್ಲೆಗ್ ರಾತ್ರೋರಾತ್ರಿ ದೇಶದ ಕಣ್ಮಣಿಯಾದನು. ಮೂರು ವಾರಗಳ ಮೇಲೆ ಎಣಿಸಿದಾಗ ಅವನ ಪಕ್ಷದ ಸ್ಥಾನಗಳು 62ರಿಂದ 57ಕ್ಕೆ ಇಳಿದಿದ್ದವು.

ಅದೇ ವರ್ಷದ ಮೂರನೆಯ ಸಂವಾದವನ್ನು ಬಳಸಿಕೊಂಡು ಮನೋವಿಜ್ಞಾನಿಗಳು ನಡೆಸಿದ ಪ್ರಯೋಗವೊಂದು ನಮ್ಮ ವಾಹಿನಿಗಳ ನೋಟಕರಿಗೆ ಹೆಚ್ಚು ಪ್ರಸಕ್ತ. ತೆರೆಯ ಕೆಳಗೆ, ಸಭಿಕರ ಮೆಚ್ಚುಗೆಯನ್ನು ಕ್ಷಣಕ್ಷಣಕ್ಕೂ ತೋರಿಸುವ ಅಲೆಗೆರೆಯೊಂದನ್ನು ಅವರು ಓಡಿಸಿದರು. ಆದರೆ ಅದು ಕೃತಕ. 150 ಮಂದಿ ವೀಕ್ಷಕರಲ್ಲಿ ಒಂದು ಗುಂಪಿಗೆ ತೋರಿಸಿದ ಗೆರೆ ಒಬ್ಬನಿಗೆ ಅನುಕೂಲ, ಇನ್ನೊಂದು ಗುಂಪಿಗೆ ತೋರಿಸಿದ್ದು ಮತ್ತೊಬ್ಬನಿಗೆ. ಎರಡು ಗುಂಪುಗಳೂ ತಮ್ಮತಮ್ಮ ಗೆರೆಯನ್ನೇ ಅನುಸರಿಸಿ ವಿಜೇತನನ್ನು ಆರಿಸಿದವು. ಮಾತಿಗಿಂತ ಮಾತಿನ ಅಡಿಯಲ್ಲಿ ಓಡುವ ಬರೆಹ ಬಲಿಷ್ಠವೆಂಬುದನ್ನು ನಮ್ಮ ಸುದ್ದಿವಾಹಿನಿಗಳು ಪ್ರಯೋಗವಿಲ್ಲದೆಯೇ ಬಲ್ಲವು.

ಕನ್ನಡನಾಡಿನಲ್ಲಿ ನಿಜವಾದ ಸಂವಾದ ಅಪರೂಪವೆಂಬುದನ್ನೂ ಇಲ್ಲಿ ಹೇಳಬೇಕು. ನಾವು ನಿತ್ಯ ಕಾಣುವುದು ವಕ್ತಾರರ ಜಗಳವೇ ಹೊರತು ಅಭ್ಯರ್ಥಿಗಳ ವಾದವಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ, ಕಾಗದ ನೋಡದೆ ಹದಿನೈದು ನಿಮಿಷ ಮಾತಾಡಿ ಎಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ರಾಹುಲ್ ಗಾಂಧಿಯವರಿಗೆ ಸವಾಲೆಸೆದರು. ಕಾಗದ ನೋಡಿಕೊಂಡಾದರೂ ಯಡಿಯೂರಪ್ಪನವರ ಸರ್ಕಾರದ ಸಾಧನೆ ಹೇಳಿ ಎಂದು ಸಿದ್ದರಾಮಯ್ಯನವರು ಮರುಸವಾಲು ಹಾಕಿದರು. ಸವಾಲುಗಳು ಪತ್ರಿಕೆಗಳನ್ನು ತುಂಬಿದವು, ವೇದಿಕೆ ಬರಿದಾಗಿಯೇ ಉಳಿಯಿತು. ಚುನಾವಣಾ ಆಯೋಗದ ಏರ್ಪಾಡಿನಂತೆ ಆಕಾಶವಾಣಿ ದೂರದರ್ಶನಗಳಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಉಚಿತ ಸಮಯವೂ, ಪಕ್ಷಕ್ಕೊಬ್ಬ ಪ್ರತಿನಿಧಿಯಂತೆ ಗರಿಷ್ಠ ಎರಡು ಚರ್ಚಾಗೋಷ್ಠಿಗಳೂ ಉಂಟು. ಶಾಂತವಾಗಿ ನಡೆಯುವುದರಿಂದಲೋ ಏನೋ, ಅವುಗಳನ್ನು ನೆನೆಯುವವರು ಕಡಮೆ.

ಹಾಗಿದ್ದರೆ ಮತದಾರನ ಕಿವಿಗೆ ವಿಷಯ ತಲಪುವುದು ಹೇಗೆ? 1940ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಈರಿ ಜಿಲ್ಲೆಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 600 ಜನರನ್ನು ಮೇ ತಿಂಗಳಿಂದ ನವೆಂಬರಿನವರೆಗೆ ಮತ್ತೆಮತ್ತೆ ಮಾತಾಡಿಸಿದರು. ಒಂದು ಪಕ್ಷವನ್ನು ಬಿಟ್ಟು ಇನ್ನೊಂದಕ್ಕೆ ಹಾರಿದವರು ಶೇಕಡಾ ಎಂಟರಷ್ಟು ಮಾತ್ರ. ಪತ್ರಿಕೆ ರೇಡಿಯೋಗಳ ಮಾತು ಮೊದಲು ನೆರೆಹೊರೆಯ ತಿಳಿದವನೊಬ್ಬನಿಗೆ ಮುಟ್ಟಿ, ಅವನಿಂದ ಉಳಿದವರಿಗೆ ಹರಿಯುತ್ತದೆಂದು ಅವರು ಕಂಡುಕೊಂಡರು. ಬೆನ್ಸನ್ ಟೌನಿನ ಮಟ್ಟಿಗೆ ಆ ತಿಳಿದವನು ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಲ್ಲುವ ಹಿರಿಯನಿರಬಹುದು, ಶುಕ್ರವಾರದ ನಮಾಜಿನ ತರುವಾಯ ಚಹಾದಂಗಡಿಯಲ್ಲಿ ಕೂರುವ ವ್ಯಾಪಾರಿಯಿರಬಹುದು, ನಿವಾಸಿಗಳ ಸಂಘದ ಕಾರ್ಯದರ್ಶಿಯಿರಬಹುದು. ನಾಲ್ಕು ಭಾಷೆಗಳಲ್ಲಿ ನಾಲ್ಕು ವಾಹಿನಿಗಳನ್ನು ನೋಡುವ ಒಂದು ಬೀದಿಗೆ ಸಮಾನವಾದ ಸಂವಾದವೆಂಬುದೇ ಇಲ್ಲದಿರುವಾಗ, ಭಾಷೆಯಿಂದ ಭಾಷೆಗೆ ದಾಟಬಲ್ಲ ಇಂಥ ಮನುಷ್ಯನ ಬೆಲೆ ಇನ್ನೂ ಹೆಚ್ಚು.

ಆದರೂ ಸಂವಾದವು ಮತವನ್ನು ತಿರುಗಿಸಿದ ಒಂದು ನಿದರ್ಶನ ಉಂಟು. 2012ರಲ್ಲಿ ಸಂಶೋಧಕರು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ 14 ಕ್ಷೇತ್ರಗಳಲ್ಲಿ ಸಂಸದ್ ಅಭ್ಯರ್ಥಿಗಳ ಸಂವಾದಗಳನ್ನು ಚಿತ್ರೀಕರಿಸಿ, ನಮ್ಮ ಹಳೆಯ ಟೂರಿಂಗ್ ಟಾಕೀಸಿನಂತೆ, ಚೀಟಿಯೆತ್ತಿ ಆರಿಸಿದ ಊರುಗಳಲ್ಲಿ ಸಂಜೆಯ ಹೊತ್ತು ಬಯಲಿನಲ್ಲಿ ಪ್ರದರ್ಶಿಸಿದರು. ಉಳಿದ ಊರುಗಳಲ್ಲಿ ಪ್ರದರ್ಶಿಸಲಿಲ್ಲ. ಚಿತ್ರ ತೋರಿಸಿದ ಕಡೆ, ಚೆನ್ನಾಗಿ ವಾದಿಸಿದ ಅಭ್ಯರ್ಥಿಗೆ ಬಿದ್ದ ಮತಗಳ ಪಾಲು ಸುಮಾರು ಐದು ಶೇಕಡಾಂಶ ಏರಿತು. ಕ್ಲೆಗ್ಗನಿಗೆ ಒದಗದ ಫಲ ಅಲ್ಲಿ ಒದಗಿದ್ದಕ್ಕೆ ನನಗೆ ತೋರುವ ಕಾರಣವಿಷ್ಟೆ: ಆ ಜನಕ್ಕೆ ತಮ್ಮ ಅಭ್ಯರ್ಥಿಗಳ ವಿಚಾರವಾಗಿ ಮೊದಲು ತಿಳಿದಿದ್ದದ್ದು ಅತ್ಯಲ್ಪ, ಆದಕಾರಣ ಒಂದು ಗಂಟೆಯ ಮಾತು ಕೂಡ ಹೊಸ ತಿಳಿವಳಿಕೆಯಾಯಿತು. ಮುಖ್ಯಮಂತ್ರಿಯ ಪದವಿಗೆ ಪೈಪೋಟಿ ಮಾಡುವವರ ಗುಣದೋಷಗಳು ಬೆನ್ಸನ್ ಟೌನಿನ ಮನೆಮನೆಗೂ ಗೊತ್ತು. ವಾರ್ಡಿನ ಅಭ್ಯರ್ಥಿಯ ಹೆಸರು ಎಷ್ಟು ಮನೆಗಳಿಗೆ ಗೊತ್ತೆಂಬುದು ಸಂದೇಹ. ಬೆಂಗಳೂರಿನ ನಗರಪಾಲಿಕೆಯಾಗಿದ್ದ ಬಿ.ಬಿ.ಎಂ.ಪಿ.ಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಅದರ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಆಳಿದರು. ಸಂವಾದದಿಂದ ಹೆಚ್ಚು ಪ್ರಯೋಜನ ಸಿಕ್ಕಬಹುದಾದದ್ದು ಚರಂಡಿ, ಕಸ, ಬೀದಿದೀಪಗಳ ಈ ಕೆಳಗಣ ಚುನಾವಣೆಯಲ್ಲಿ. ಯಾವ ವಾಹಿನಿಯೂ ಪ್ರಸಾರ ಮಾಡಲು ಮನಸ್ಸು ಮಾಡದ ಚುನಾವಣೆಯೂ ಇದೇ. ಸಿಯೆರಾ ಲಿಯೋನಿನ ಸಂಶೋಧಕರು ಚುನಾವಣೆಯ ತರುವಾಯವೂ ಬಿಡದೆ ಲೆಕ್ಕ ಹಿಡಿದರು: ಸಂವಾದದಲ್ಲಿ ಭಾಗವಹಿಸಿ ಗೆದ್ದ ಸದಸ್ಯರು, ಭಾಗವಹಿಸದೆ ಗೆದ್ದವರಿಗಿಂತ ಹೆಚ್ಚಿನ ಹಣವನ್ನು ತಮ್ಮ ಕ್ಷೇತ್ರದ ಕೆಲಸಗಳಿಗೆ ವೆಚ್ಚಮಾಡಿದ್ದರು.