ಬಂದರು ಮತ್ತು ನಾಡಿನ ಸಂಪತ್ತು

ಬಂದರೆಂದರೆ ಹಡಗು ನಿಲ್ಲುವ ಕಟ್ಟೆ ಮಾತ್ರವೆಂದು ನಾವು ಭಾವಿಸುವುದುಂಟು. ಮಂಗಳೂರಿನ ಹಳೆಯ ಬಂದರನ್ನು ನೆನೆಯೋಣ. ಅಳಿವೆಯ ಮರಳುದಿಣ್ಣೆಯ ದೆಸೆಯಿಂದ ದೊಡ್ಡ ಹಡಗುಗಳು ದೂರದ ಕಡಲಲ್ಲಿಯೇ ಲಂಗರು ಹಾಕುತ್ತಿದ್ದವು. ಕಾಫಿ, ಹೆಂಚುಗಳನ್ನು ದೋಣಿಗಳಲ್ಲಿ ಅಲ್ಲಿಗೆ ಸಾಗಿಸಬೇಕಾಗಿತ್ತು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು.

ಆಳವಾದ ಕಾಲುವೆಯನ್ನು ತೋಡಿಸಿ, ವರ್ಷವರ್ಷವೂ ಹೂಳೆತ್ತಿಸುವುದು ಒಬ್ಬ ವರ್ತಕನ ಶಕ್ತಿಗೆ ಮೀರಿದ ಕಾರ್ಯ. ಆದುದರಿಂದ ಸರ್ಕಾರವೇ ಪಣಂಬೂರಿನಲ್ಲಿ ನವಮಂಗಳೂರು ಬಂದರನ್ನು ಕಟ್ಟಿಸಿತು; 1974ರಲ್ಲಿ ಅದು ಪ್ರಧಾನ ಬಂದರೆಂದು ಘೋಷಿತವಾಯಿತು. ಕುದುರೆಮುಖದ ಅದಿರು ಬಹುಕಾಲ ಅದರ ಪ್ರಮುಖ ಸರಕಾಗಿತ್ತು. 2005ರ ಕೊನೆಯಲ್ಲಿ ಆ ಗಣಿ ನಿಂತಿತು, ಬಂದರು ನಿಲ್ಲಲಿಲ್ಲ. ಕಚ್ಚಾ ತೈಲ, ಕಲ್ಲಿದ್ದಲು, ಕಾಫಿಗಳಿಗೆ ಅದೇ ನೆಲೆಯಾಯಿತು.

ಒಂದು ಸರಕು ಹೋದರೂ ನಾಡಿನ ಬಾಗಿಲು ಮುಚ್ಚದಂತೆ ಕಾಯುವುದೇ ಸಾರ್ವಜನಿಕ ಪ್ರಾಧಿಕಾರದ ಧರ್ಮ. ಅದಕ್ಕಾಗಿ ನೆಲವನ್ನು ಬಿಟ್ಟುಕೊಟ್ಟ ಗ್ರಾಮಸ್ಥರ ಋಣವನ್ನೂ ನಾವು ಲೆಕ್ಕದಲ್ಲಿ ಸೇರಿಸಬೇಕು.