1964ರ ಒಲಿಂಪಿಕ್ಸ್‌ನಲ್ಲಿ ಪುರುಷರ 4×100 ಮೀಟರ್ ರಿಲೇ ಓಟ

1964ರ ಬೇಸಿಗೆ ಒಲಿಂಪಿಕ್ ಕ್ರೀಡಾಕೂಟದ ಪುರುಷರ 4×100 ಮೀಟರ್ ರಿಲೇ ಓಟವು ಜಪಾನಿನ ಟೋಕಿಯೊ ನಗರದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಅಕ್ಟೋಬರ್ 20 ಮತ್ತು 21ರಂದು ನಡೆಯಿತು. ಅಮೆರಿಕ ಸಂಯುಕ್ತ ಸಂಸ್ಥಾನದ ತಂಡವು 39.0 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆಯೊಂದಿಗೆ ಚಿನ್ನದ ಪದಕವನ್ನು ಗಳಿಸಿತು. ಪೋಲೆಂಡ್ ಬೆಳ್ಳಿಯ ಪದಕವನ್ನೂ ಫ್ರಾನ್ಸ್ ಕಂಚಿನ ಪದಕವನ್ನೂ ಪಡೆದವು. ಭಾರತ ತಂಡವು ಸೆಮಿಫೈನಲ್ ಹಂತವನ್ನು ತಲುಪಿತು. ಆ ತಂಡದ ನಾಲ್ವರಲ್ಲಿ ಒಬ್ಬರು ಕೋಲಾರದಲ್ಲಿ ಜನಿಸಿದ ಓಟಗಾರ ಕೆನೆತ್ ಪೊವೆಲ್.

ಹಿನ್ನೆಲೆ

1920ರಿಂದ 1956ರವರೆಗೆ ನಡೆದ ಎಲ್ಲ ಎಂಟು ಒಲಿಂಪಿಕ್ ಕೂಟಗಳಲ್ಲಿಯೂ ಈ ಸ್ಪರ್ಧೆಯ ಚಿನ್ನದ ಪದಕ ಅಮೆರಿಕದ ಪಾಲಾಗಿತ್ತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಈ ಪರಂಪರೆ ಮುರಿಯಿತು. ಅಲ್ಲಿ ಅಮೆರಿಕದ ತಂಡವೇ ಮೊದಲಿಗೆ ಗುರಿ ಮುಟ್ಟಿದರೂ, ಫ್ರಾಂಕ್ ಬಡ್ ಮತ್ತು ರೇ ನಾರ್ಟನ್ ಅವರ ನಡುವಿನ ಬೇಟನ್ ವಿನಿಮಯವು ನಿಗದಿತ ವಲಯದ ಹೊರಗೆ ನಡೆದುದರಿಂದ ತಂಡವನ್ನು ಅನರ್ಹಗೊಳಿಸಲಾಯಿತು. ಸಂಯುಕ್ತ ಜರ್ಮನಿ ತಂಡಕ್ಕೆ 39.5 ಸೆಕೆಂಡುಗಳ ಓಟಕ್ಕಾಗಿ ಚಿನ್ನದ ಪದಕ ದೊರೆಯಿತು. ಮರುವರ್ಷ, ಅಂದರೆ 1961ರಲ್ಲಿ, ಮಾಸ್ಕೋದಲ್ಲಿ ಅಮೆರಿಕದ ಓಟಗಾರರು 39.1 ಸೆಕೆಂಡುಗಳ ವಿಶ್ವದಾಖಲೆಯನ್ನು ಸ್ಥಾಪಿಸಿದರು. ಟೋಕಿಯೊ ಕೂಟ ಆರಂಭವಾದಾಗ ಇದೇ ದಾಖಲೆ ಚಾಲ್ತಿಯಲ್ಲಿತ್ತು.

ಟೋಕಿಯೊ ಕೂಟವು ಏಷ್ಯಾ ಖಂಡದಲ್ಲಿ ನಡೆದ ಮೊದಲ ಒಲಿಂಪಿಕ್ಸ್. ಕೃತಕ ಹಾಸಿಲ್ಲದ, ಪುಡಿ ಹರಡಿ ಗಟ್ಟಿಗೊಳಿಸಿದ ಓಟದ ಪಥವನ್ನು ಬಳಸಿದ ಕೊನೆಯ ಒಲಿಂಪಿಕ್ಸ್ ಕೂಡ ಅದೇ. 1968ರ ಮೆಕ್ಸಿಕೋ ಕೂಟದಿಂದ ಕೃತಕ ಪಥ ಬಳಕೆಗೆ ಬಂದಿತು.

ಸ್ಪರ್ಧೆಯ ಸ್ವರೂಪ ಮತ್ತು ನಿಯಮ

ನಾಲ್ವರು ಓಟಗಾರರು ತಲಾ ಸುಮಾರು 100 ಮೀಟರ್ ದೂರವನ್ನು ಓಡಿ, ಕೈಯಲ್ಲಿರುವ ಬೇಟನ್ ಎಂಬ ಟೊಳ್ಳಾದ ಕೋಲನ್ನು ಮುಂದಿನವರಿಗೆ ಹಸ್ತಾಂತರಿಸುವುದು ಈ ಸ್ಪರ್ಧೆಯ ಕ್ರಮ. ಬೇಟನ್‌ನ ಉದ್ದ 28ರಿಂದ 30 ಸೆಂಟಿಮೀಟರ್. ತೂಕ 50 ಗ್ರಾಂಗಿಂತ ಕಡಿಮೆ ಇರಬಾರದು. ಟೋಕಿಯೊ ಕೂಟದ ಕಾಲದಲ್ಲಿ ವಿನಿಮಯ ವಲಯದ ಉದ್ದ 20 ಮೀಟರ್ ಆಗಿತ್ತು. ಈಗಿನ ನಿಯಮದಂತೆ ಅದು 30 ಮೀಟರ್. ಹಸ್ತಾಂತರವು ಈ ವಲಯದೊಳಗೇ ಪೂರ್ಣಗೊಳ್ಳಬೇಕು. ಇಲ್ಲಿ ಪರಿಗಣನೆಗೆ ಬರುವುದು ಬೇಟನ್ ಇರುವ ಸ್ಥಾನವೇ ಹೊರತು ಓಟಗಾರನ ಕಾಲು ಅಥವಾ ದೇಹ ಇರುವ ಸ್ಥಾನವಲ್ಲ. ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ನಡೆಯುವ ದಸರಾ ಕ್ರೀಡಾಕೂಟಕ್ಕಾಗಲಿ, ಒಲಿಂಪಿಕ್ಸ್‌ಗಾಗಲಿ ಅನ್ವಯವಾಗುವ ಮೂಲತತ್ತ್ವ ಇದೊಂದೇ.

ಸಾಮಾನ್ಯವಾಗಿ ಮೊದಲನೆಯ ಮತ್ತು ಮೂರನೆಯ ಓಟಗಾರರು ತಿರುವಿನಲ್ಲಿ ಓಡುವುದರಿಂದ ಬೇಟನ್ನನ್ನು ಬಲಗೈಯಲ್ಲಿ ಹಿಡಿದು ಪಥದ ಒಳಅಂಚಿಗೆ ಹತ್ತಿರವಾಗಿ ಸಾಗುತ್ತಾರೆ. ಎರಡನೆಯ ಮತ್ತು ನಾಲ್ಕನೆಯವರು ಅದನ್ನು ಎಡಗೈಯಲ್ಲಿ ಪಡೆಯುತ್ತಾರೆ. ಹೀಗೆ ಮಾಡುವುದರಿಂದ ಯಾರೂ ಓಟದ ನಡುವೆ ಕೈ ಬದಲಾಯಿಸಬೇಕಾಗುವುದಿಲ್ಲ. ಬೇಟನ್ ಪಡೆಯುವವನು ಹಿಂದಿರುಗಿ ನೋಡುವುದಿಲ್ಲ. ಹಿಂದಿನವನು ಪಥದ ಮೇಲಿನ ನಿಗದಿತ ಗುರುತನ್ನು ದಾಟಿದೊಡನೆ ಓಡಲು ಆರಂಭಿಸಿ, ವೇಗ ಪಡೆದ ಮೇಲೆ ಕೈಯನ್ನು ಹಿಂದಕ್ಕೆ ಚಾಚುತ್ತಾನೆ.

ಹಸ್ತಾಂತರದ ಮಹತ್ವವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 1964ರಲ್ಲಿ 100 ಮೀಟರ್ ಓಟದ ವಿಶ್ವದಾಖಲೆ 10.0 ಸೆಕೆಂಡು. ಆ ದಾಖಲೆಯ ವೇಗದಲ್ಲಿ ಓಡಬಲ್ಲ ನಾಲ್ವರ ಕಾಲವನ್ನು ಕೂಡಿಸಿದರೆ 40 ಸೆಕೆಂಡು ಆಗುತ್ತದೆ. ಆದರೆ ಟೋಕಿಯೊದ ಫೈನಲ್‌ನಲ್ಲಿ ಓಡಿದ ಎಂಟೂ ತಂಡಗಳು 40 ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಗುರಿ ಮುಟ್ಟಿದವು. ಮೊದಲನೆಯ ಓಟಗಾರ ಮಾತ್ರ ನಿಂತ ಸ್ಥಿತಿಯಿಂದ ಹೊರಡುತ್ತಾನೆ. ಉಳಿದ ಮೂವರು ಬೇಟನ್ ಪಡೆಯುವಾಗಲೇ ವೇಗವಾಗಿ ಓಡುತ್ತಿರುತ್ತಾರೆ ಎಂಬುದೇ ಇದಕ್ಕೆ ಕಾರಣ. ಆದುದರಿಂದ ರಿಲೇಯಲ್ಲಿ ವಾಸ್ತವವಾಗಿ ಅಳೆಯಲಾಗುವುದು ಬೇಟನ್‌ನ ಪ್ರಯಾಣದ ವೇಗ. ಹಸ್ತಾಂತರದಲ್ಲಿ ಪಳಗಿದ ತಂಡವು ತನ್ನ ಸದಸ್ಯರಿಗಿಂತ ಹೆಚ್ಚು ವೇಗಿಗಳಾದವರನ್ನು ಹಿಂದೆ ಹಾಕುವುದು ಸಾಧ್ಯ.

ಭಾರತ ತಂಡ

ಭಾರತವನ್ನು ಆಂಟನಿ ಕುಟಿನ್ಹೊ, ಮಖನ್ ಸಿಂಗ್, ಕೆನೆತ್ ಪೊವೆಲ್ ಮತ್ತು ರಾಜಶೇಖರನ್ ಪಿಚ್ಚಯ್ಯ ಪ್ರತಿನಿಧಿಸಿದರು. ಇವರಲ್ಲಿ ಮಖನ್ ಸಿಂಗ್ ಅವರು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 4×400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿ ಮಿಲ್ಖಾ ಸಿಂಗ್ ಅವರ ಜೊತೆಗಾರರಾಗಿದ್ದರು. 1964ರ ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು.

1940ರಲ್ಲಿ ಕೋಲಾರದಲ್ಲಿ ಜನಿಸಿದ ಪೊವೆಲ್, ಅರವತ್ತರ ದಶಕದಲ್ಲಿ ದೇಶದ ಪ್ರಮುಖ ವೇಗದ ಓಟಗಾರರಲ್ಲಿ ಒಬ್ಬರಾಗಿದ್ದರು. ಟೋಕಿಯೊದಲ್ಲಿ ಅವರು 100 ಮೀಟರ್ ಓಟದಲ್ಲಿಯೂ ಸ್ಪರ್ಧಿಸಿದ್ದರು, ಆದರೆ ಅದರ ಅಂತಿಮ ಸುತ್ತನ್ನು ತಲುಪಲಿಲ್ಲ. ರಿಲೇಯಲ್ಲಿ ಭಾರತ ತಂಡವು ಪ್ರಾಥಮಿಕ ಸುತ್ತನ್ನು ದಾಟಿ, ಸೆಮಿಫೈನಲ್‌ನಲ್ಲಿ ಓಡುವ ಅರ್ಹತೆಯನ್ನು ಗಳಿಸಿತು. ಎರಡು ಸೆಮಿಫೈನಲ್‌ಗಳಿಂದ ತಲಾ ನಾಲ್ಕು ತಂಡಗಳು ಫೈನಲ್ ಪ್ರವೇಶಿಸುವ ಕ್ರಮವಿತ್ತು. ಭಾರತ ಅವುಗಳಲ್ಲಿ ಸೇರಲಿಲ್ಲ. ಪದಕಪಟ್ಟಿಯಲ್ಲಿ ಈ ಸಾಧನೆಗೆ ಸ್ಥಾನವಿಲ್ಲ. ಆದರೆ 100 ಮೀಟರ್ ಫೈನಲ್‌ನಲ್ಲಿ ಒಬ್ಬ ಓಟಗಾರನೂ ಇಲ್ಲದ ದೇಶವು ನಾಲ್ವರ ಓಟದಲ್ಲಿ ಸೆಮಿಫೈನಲ್ ತಲುಪಿದ್ದನ್ನು ಭಾರತೀಯ ಅಥ್ಲೆಟಿಕ್ಸ್‌ನ ಗಮನಾರ್ಹ ಘಟನೆಯೆಂದು ಪರಿಗಣಿಸಬಹುದು.

ಅಂತಿಮ ಓಟ

ಅಮೆರಿಕ ತಂಡದ ವೇಗದ ಓಟಗಾರರಾದ ಟ್ರೆಂಟ್ ಜಾಕ್ಸನ್ ಮತ್ತು ಮೆಲ್ ಪೆಂಡರ್ ಗಾಯಗೊಂಡಿದ್ದರಿಂದ ರಿಲೇ ತಂಡವನ್ನು ಹೊಸದಾಗಿ ಹೊಂದಿಸಬೇಕಾಯಿತು. ಪಾಲ್ ಡ್ರೇಟನ್, ಗೆರಿ ಆಶ್‌ವರ್ತ್, ರಿಚರ್ಡ್ ಸ್ಟೆಬಿನ್ಸ್ ಮತ್ತು ಬಾಬ್ ಹೇಯ್ಸ್ ಈ ಕ್ರಮದಲ್ಲಿ ಓಡಿದರು. ಹೇಯ್ಸ್ ಅದೇ ಕೂಟದ 100 ಮೀಟರ್ ಓಟವನ್ನು 10.0 ಸೆಕೆಂಡುಗಳಲ್ಲಿ ಗೆದ್ದು ವಿಶ್ವದಾಖಲೆಯನ್ನು ಸರಿಗಟ್ಟಿದ್ದರು.

ಕೊನೆಯ ಹಸ್ತಾಂತರದ ವೇಳೆಗೆ ಅಮೆರಿಕ ಹಲವು ತಂಡಗಳಿಗಿಂತ ಹಿಂದುಳಿದಿತ್ತು. ಬೇಟನ್ ಪಡೆದ ಹೇಯ್ಸ್ ಒಬ್ಬೊಬ್ಬರನ್ನೇ ದಾಟಿ ಸ್ಪಷ್ಟ ಅಂತರದಿಂದ ಗೆಲುವು ತಂದರು. ಅವರ ಕೊನೆಯ ಚರಣದ ಅವಧಿಯನ್ನು 8.5ರಿಂದ 8.9 ಸೆಕೆಂಡುಗಳೆಂದು ಬೇರೆ ಬೇರೆಯವರು ಅಂದಾಜಿಸಿದ್ದಾರೆ. ಆ ಚರಣಕ್ಕೆ ಪ್ರತ್ಯೇಕವಾದ ಅಧಿಕೃತ ಕಾಲಮಾಪನ ಇಲ್ಲದಿರುವುದೇ ಈ ವ್ಯತ್ಯಾಸಕ್ಕೆ ಕಾರಣ.

ಈ ಓಟವನ್ನು ಒಬ್ಬನೇ ಗೆಲ್ಲಿಸಿದ ರಿಲೇ ಎಂದು ವರ್ಣಿಸುವುದುಂಟು. ಆದರೆ ರೋಮ್‌ನ ಘಟನೆಯೊಂದಿಗೆ ಹೋಲಿಸಿದಾಗ ಚಿತ್ರ ಪೂರ್ಣವಾಗುತ್ತದೆ. ರೋಮ್‌ನಲ್ಲಿ ಮೊದಲು ಗುರಿ ಮುಟ್ಟಿದ ತಂಡವು ಒಂದು ತಪ್ಪು ಹಸ್ತಾಂತರದಿಂದ ಎಲ್ಲವನ್ನೂ ಕಳೆದುಕೊಂಡಿತು. ಟೋಕಿಯೊದಲ್ಲಿ ಮೂರೂ ಹಸ್ತಾಂತರಗಳು ನಿಯಮಬದ್ಧವಾಗಿದ್ದುದರಿಂದಲೇ ಹೇಯ್ಸ್ ಅವರ ವೇಗಕ್ಕೆ ಬೆಲೆ ಬಂದಿತು.

ಫೈನಲ್ ಫಲಿತಾಂಶ

1. ಅಮೆರಿಕ ಸಂಯುಕ್ತ ಸಂಸ್ಥಾನ – 39.0 ಸೆಕೆಂಡು (ವಿಶ್ವದಾಖಲೆ)
2. ಪೋಲೆಂಡ್ – 39.3
3. ಫ್ರಾನ್ಸ್ – 39.3
4. ಜಮೈಕಾ – 39.4
5. ಸೋವಿಯತ್ ಒಕ್ಕೂಟ – 39.4
6. ವೆನೆಜುವೆಲಾ – 39.5
7. ಇಟಲಿ – 39.5
8. ಗ್ರೇಟ್ ಬ್ರಿಟನ್ – 39.6

ಅಂದು ಅಧಿಕೃತ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಮಾತ್ರ ದಾಖಲಿಸುತ್ತಿದ್ದರು. ಆದುದರಿಂದ ಎರಡನೆಯ ಮತ್ತು ಮೂರನೆಯ ಸ್ಥಾನದ ತಂಡಗಳ ಕಾಲ ಒಂದೇ ಆಗಿ ಕಾಣುತ್ತದೆ.

ನಂತರದ ಬೆಳವಣಿಗೆಗಳು

ಬಾಬ್ ಹೇಯ್ಸ್ ಆಮೇಲೆ ಅಮೆರಿಕನ್ ಫುಟ್‌ಬಾಲ್ ಆಟಗಾರರಾಗಿ ಪ್ರಸಿದ್ಧರಾದರು. ಅಮೆರಿಕ ತಂಡವು 1968ರಲ್ಲಿ 38.24 ಸೆಕೆಂಡುಗಳಲ್ಲಿ ಓಡಿ ಚಿನ್ನವನ್ನು ಉಳಿಸಿಕೊಂಡಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಉಸೇನ್ ಬೋಲ್ಟ್ ಅವರಿದ್ದ ಜಮೈಕಾ ತಂಡವು 36.84 ಸೆಕೆಂಡುಗಳ ವಿಶ್ವದಾಖಲೆಯನ್ನು ಬರೆಯಿತು.

ಭಾರತದ ಪುರುಷರ ತಂಡವು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 38.89 ಸೆಕೆಂಡುಗಳ ಓಟದಿಂದ ಕಂಚಿನ ಪದಕ ಗಳಿಸಿತು. ಈ ರಾಷ್ಟ್ರೀಯ ದಾಖಲೆಯನ್ನು ಸುಧಾರಿಸಲು ಹದಿನೈದು ವರ್ಷಗಳು ಬೇಕಾದವು. 2025ರ ಏಪ್ರಿಲ್‌ನಲ್ಲಿ ಚಂಡೀಗಢದಲ್ಲಿ ಗುರಿಂದರ್‌ವೀರ್ ಸಿಂಗ್, ಮಣಿಕಂಠ ಹೋಬಳಿದಾರ್, ಅಮ್ಲಾನ್ ಬೊರ್ಗೊಹೈನ್ ಮತ್ತು ಅನಿಮೇಶ್ ಕುಜೂರ್ ಅವರಿದ್ದ ತಂಡವು 38.69 ಸೆಕೆಂಡುಗಳಲ್ಲಿ ಓಡಿತು. ಇವರಲ್ಲಿ ಮಣಿಕಂಠ ಹೋಬಳಿದಾರ್ ಕರ್ನಾಟಕ ಮೂಲದವರು.

ಕೆನೆತ್ ಪೊವೆಲ್ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ದೊರೆಯಿತು. 2022ರ ಡಿಸೆಂಬರ್‌ನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.