ಸಾಕುನಾಯಿಯ ಕಣ್ಣನ್ನು ತೆಗೆಸುವ ನಿರ್ಣಯ: ಚರಿತ್ರೆ ಮತ್ತು ಪ್ರಮಾಣಗಳ ದೃಷ್ಟಿಯಿಂದ ಒಂದು ವಿವೇಚನೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ನಾಯಿಯ ಕಣ್ಣನ್ನು ಕುರಿತ ಲೇಖನವೊಂದನ್ನು ಕಂಡು ವಾಚಕರು ಅಚ್ಚರಿಗೊಳ್ಳಬಹುದು. ಆದಕಾರಣ ಇದರ ಹಿನ್ನೆಲೆಯನ್ನು ಮೊದಲೇ ನಿವೇದಿಸುವುದು ಲೇಖಕನ ಕರ್ತವ್ಯ. ಕಳೆದ ವರ್ಷ ನಮ್ಮ ಮನೆಯ ಒಂಬತ್ತು ವರ್ಷದ ಸಣ್ಣ ನಾಯಿಯೊಂದರ ಎಡಗಣ್ಣನ್ನು ಶಸ್ತ್ರಕ್ರಿಯೆಯಿಂದ ತೆಗೆಸಬೇಕೆ ಬೇಡವೆ ಎಂಬ ಪ್ರಶ್ನೆ ಎದುರಾಯಿತು. ಅದನ್ನು ಆಲೋಚಿಸುತ್ತ ಹೋದಂತೆ, ಅದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ಪ್ರಮಾಣಗಳ ಪ್ರಶ್ನೆಯೂ ಹೌದೆಂಬುದು ಮನವರಿಕೆಯಾಯಿತು. ಮಾತನಾಡಲಾರದ ಸಾಕ್ಷಿಯಿಂದ ಸತ್ಯವನ್ನು ತಿಳಿಯುವುದು ಹೇಗೆ? ಸವೆದ ಶಾಸನದ ಮುಂದೆ ಕುಳಿತವನಿಗೆ ಈ ತೊಡಕು ಹೊಸದಲ್ಲ. ಆದರೆ ಶಾಸನಕ್ಕೆ ನೋವಿಲ್ಲ. ಓದು ತಡವಾದರೆ ಅದಕ್ಕೆ ಹಾನಿಯೂ ಇಲ್ಲ.

ನಮ್ಮ ನಾಯಿ ಶಿಟ್ಸು ಎಂಬ ಜಾತಿಯದು. ತೂಕ ಆರೂವರೆ ಕಿಲೋಗ್ರಾಂ. ಈ ಜಾತಿಯ ಹೆಸರಿಗೆ ಚೀನೀ ಭಾಷೆಯಲ್ಲಿ ಸಿಂಹನಾಯಿ ಎಂದರ್ಥ. ಇದು ಟಿಬೆಟ್ ಮತ್ತು ಚೀನ ದೇಶಗಳಿಗೆ ಸಂಬಂಧಿಸಿದ್ದು. 1930ರಲ್ಲಿ ಇಂಗ್ಲೆಂಡಿಗೆ ಬಂದಿತು. ಇದರ ನೆಂಟನಾದ ಪೀಕಿಂಗೀಸ್ ನಾಯಿಯ ಕಥೆ ಇದಕ್ಕಿಂತ ಹಳೆಯದು. 1860ರಲ್ಲಿ ಆಂಗ್ಲ ಮತ್ತು ಫ್ರೆಂಚ್ ಸೇನೆಗಳು ಪೀಕಿಂಗಿನ ಬೇಸಗೆಯ ಅರಮನೆಯನ್ನು ಸೂರೆಗೊಂಡಾಗ ಅಲ್ಲಿ ಸಿಕ್ಕಿದ ಒಂದು ಮರಿಯನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಲಾಯಿತು. ಸೂರೆಯ ಮಾಲೆಂಬುದನ್ನು ಮರೆಮಾಚುವ ಗೋಜಿಗೂ ಹೋಗದೆ ಅದಕ್ಕೆ 'ಲೂಟಿ' ಎಂದೇ ಹೆಸರಿಟ್ಟರು. ನಮ್ಮ ನುಡಿಗಳಿಂದ ಇಂಗ್ಲಿಷಿಗೆ ಹೋದ ಪದವೊಂದು ಹೀಗೆ ಚೀನದ ನಾಯಿಯ ಕೊರಳಿಗೆ ಬಿದ್ದಿತು. ಪಗ್ ಜಾತಿಯದೂ ಹೆಚ್ಚುಕಡಮೆ ಇದೇ ಚರಿತ್ರೆ. ಚಿತ್ರಕಾರ ಹೋಗಾರ್ತನು 1745ರ ತನ್ನ ಚಿತ್ರದಲ್ಲಿ ಬರೆದಿರುವ ಪಗ್ ನಾಯಿಗೆ ಇಂದಿನ ಪಗ್‌ಗಳಿಗಿಂತ ಸ್ಪಷ್ಟವಾಗಿ ಉದ್ದವಾದ ಮೂತಿಯಿದೆ. ನಮ್ಮ ದೇಶದಲ್ಲಿ ಪಗ್ ಮನೆಮಾತಾದದ್ದು 2003ರಲ್ಲಿ ಬಂದ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಿಂದ.

ಈ ಪ್ರಸ್ತಾಪವು ವಿಷಯಾಂತರವಲ್ಲ. ಮೂತಿ ಗಿಡ್ಡವಾಗಲೆಂದೂ ಮುಖವು ಮಗುವಿನ ಮುಖದಂತೆ ಕಾಣಲೆಂದೂ ಮನುಷ್ಯನು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದುದರ ಫಲವಾಗಿ ಈ ನಾಯಿಗಳ ಕಣ್ಣುಗುಳಿ ಆಳವಿಲ್ಲದಾಯಿತು. ಕಣ್ಣು ಹೊರಕ್ಕೆ ಚಾಚಿಕೊಂಡಿತು. ರೆಪ್ಪೆ ಪೂರ್ತಿಯಾಗಿ ಮುಚ್ಚದಾಯಿತು. ಧೂಳು, ಮೇಜಿನ ಮೂಲೆ, ಬೆಕ್ಕಿನ ಉಗುರು, ಇವೆಲ್ಲವೂ ಮೊದಲು ತಾಕುವುದು ಕಣ್ಣಿಗೆ. ದೊಡ್ಡ ನಾಯಿಯೊಡನೆ ಕಾದಾಡಿದಾಗಲೋ, ಯಾರಾದರೂ ಕುತ್ತಿಗೆಯ ಚರ್ಮವನ್ನು ಬಿಗಿಯಾಗಿ ಹಿಡಿದೆಳೆದಾಗಲೋ, ಕಣ್ಣುಗುಡ್ಡೆಯೇ ರೆಪ್ಪೆಯನ್ನು ದಾಟಿ ಹೊರಬರುವುದುಂಟು. ಹೀಗೆ ಆದಲ್ಲಿ ಗುಡ್ಡೆಯನ್ನು ಒದ್ದೆ ಬಟ್ಟೆಯಿಂದ ತೇವವಾಗಿಟ್ಟು, ಮನೆಯಲ್ಲಿ ಒಳಕ್ಕೆ ನೂಕುವ ಸಾಹಸ ಮಾಡದೆ, ಒಡನೆಯೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಗುಡ್ಡೆ ಒಡೆದಿರದೆ, ಅದನ್ನು ಹಿಡಿದಿರುವ ಸ್ನಾಯುಗಳಲ್ಲಿ ಹೆಚ್ಚಿನವು ಹರಿಯದೆ ಇದ್ದರೆ ಅವರು ಅದನ್ನು ಒಳಗಿರಿಸಿ ರೆಪ್ಪೆಗಳನ್ನು ಕೆಲವು ವಾರ ಹೊಲಿದಿಡುತ್ತಾರೆ. ದೃಷ್ಟಿ ಮರಳುವುದು ಎಲ್ಲ ನಾಯಿಗಳಲ್ಲೂ ಅಲ್ಲ. ಕಣ್ಣನ್ನಾದರೂ ಉಳಿಸಿಕೊಳ್ಳುವ ಅವಕಾಶ ಹಲವಕ್ಕೆ ಇರುತ್ತದೆ.

ನಮ್ಮ ನಾಯಿಗೆ ಬಂದದ್ದು ಬೇರೆ ವ್ಯಾಧಿ. ಆಷಾಢದ ಗಾಳಿಯ ದಿನಗಳಲ್ಲಿ ಅದರ ಎಡಗಣ್ಣು ಕೆಂಪಾಯಿತು. ಧೂಳು ಬಿದ್ದಿರಬೇಕೆಂದು ತರ್ಕಿಸಿ, ಮನೆಯಲ್ಲಿ ಉಳಿದಿದ್ದ ಹನಿಮದ್ದನ್ನು ಹತ್ತು ದಿನ ಹಾಕಿದೆನು. ಈ ಹತ್ತು ದಿನಗಳ ಹೊಣೆ ಪೂರ್ತಿಯಾಗಿ ಲೇಖಕನದು. ಕಣ್ಣು ಮಂಜಾಗಿ, ಪಾಪೆ ಅಗಲವಾಗಿ ಹಾಗೆಯೇ ನಿಂತಾಗ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಸಣ್ಣ ಯಂತ್ರವೊಂದರ ತುದಿಯನ್ನು ಕಣ್ಣಿಗೆ ತಾಕಿಸಿ ಒಳಗಿನ ಒತ್ತಡವನ್ನು ಅಳೆದರು. ಆರೋಗ್ಯವಂತ ನಾಯಿಯಲ್ಲಿ ಇದು ಸುಮಾರು 10ರಿಂದ 25 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಮ್ಮ ನಾಯಿಯ ಬಲಗಣ್ಣಿನಲ್ಲಿ 17 ಇತ್ತು, ಎಡಗಣ್ಣಿನಲ್ಲಿ 52.

ಇದೇ ಗ್ಲಾಕೋಮ. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಒಸರುತ್ತ, ಸೂಕ್ಷ್ಮವಾದ ಜಾಲರಿಯೊಂದರ ಮೂಲಕ ಹೊರಕ್ಕೆ ಹರಿಯುತ್ತಿರುತ್ತದೆ. ಆ ದಾರಿ ಕಟ್ಟಿದರೆ ನೀರು ತುಂಬಿ ಒತ್ತಡವೇರುತ್ತದೆ, ದೃಷ್ಟಿನರವು ನಲುಗುತ್ತದೆ. ಐವತ್ತರ ಆಚೀಚಿನ ಒತ್ತಡವು ಒಂದೆರಡು ದಿನ ನಿಂತರೆ ಸಾಕು, ನಾಯಿಯ ದೃಷ್ಟಿ ಮರಳಿ ಬಾರದಂತೆ ಹೋಗಬಹುದು. ನಮ್ಮ ನಾಯಿಯ ವಿಷಯದಲ್ಲಿ ಹಾಗೆಯೇ ಆಗಿತ್ತು. ಕಣ್ಣಿನ ಮುಂದೆ ಕೈಯಾಡಿಸಿದರೆ ರೆಪ್ಪೆ ಮಿಟುಕಲಿಲ್ಲ; ಪ್ರಖರವಾದ ಬೆಳಕನ್ನು ಬಿಟ್ಟರೂ ಅದು ಕಣ್ಣನ್ನು ಕಿರಿದುಮಾಡಲಿಲ್ಲ. ಮೂರು ವಾರಗಳ ಹನಿಮದ್ದಿನ ಅನಂತರವೂ ಒತ್ತಡ ಮೂವತ್ತೆಂಟರ ಕೆಳಕ್ಕೆ ಇಳಿಯಲಿಲ್ಲ. ಆಗ ವೈದ್ಯರು, "ಮೇಷ್ಟ್ರೇ, ಈ ಕಣ್ಣಿನಿಂದ ಇದಕ್ಕೆ ಇನ್ನು ಉಪಯೋಗವಿಲ್ಲ, ನೋವು ಮಾತ್ರ ಉಂಟು. ತೆಗೆಸಿಬಿಡುವುದು ಒಳ್ಳೆಯದು" ಎಂದರು.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ದೊರೆಯಲಿಲ್ಲ. "ನೋವಿದ್ದರೆ ಅದು ಕೂಗುತ್ತಿರಲಿಲ್ಲವೇನಪ್ಪ? ಊಟ ಮಾಡುತ್ತಿದೆ, ಬಾಲ ಆಡಿಸುತ್ತಿದೆ. ಆ ಮುಖವನ್ನು ವಿಕಾರ ಮಾಡಿಸಿ ನೀನು ಸಾಧಿಸುವುದೇನು?" ಎಂದು ನಮ್ಮ ತಾಯಿಯವರು ಕೇಳಿದರು. ಅವರ ಮಾತು ಕೇವಲ ಮಮತೆಯ ಮಾತಾಗಿರಲಿಲ್ಲ. ಅದರಲ್ಲಿ ಒಂದು ವಾದವಿತ್ತು. ಕೂಗು ಇಲ್ಲದಿರುವುದು ನೋವು ಇಲ್ಲದಿರುವುದಕ್ಕೆ ಪ್ರಮಾಣವಾಗಬಲ್ಲುದೇ?

ಪ್ರಮಾಣದ ಅಭಾವವನ್ನು ಅಭಾವದ ಪ್ರಮಾಣವೆಂದು ಭಾವಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇವೆ. ಆ ನಿಯಮವನ್ನು ಇಲ್ಲಿ ಅನ್ವಯಿಸುವುದಕ್ಕೆ ನನಗೇ ಕೆಲವು ದಿನ ಬೇಕಾದುವು. ನಾಯಿ ಏಟು ಬಿದ್ದಾಗ ಕೂಗುತ್ತದೆ. ನಿರಂತರವಾದ ನೋವಿಗೆ ಕೂಗುವುದು ವಿರಳ. ಅಂಥ ನೋವು ಬೇರೆ ರೀತಿಯಲ್ಲಿ ತೋರುತ್ತದೆ: ಹೆಚ್ಚು ನಿದ್ರಿಸುವುದು, ಆಟ ಬಿಡುವುದು, ತಲೆಯ ಒಂದು ಪಕ್ಕವನ್ನು ಮುಟ್ಟಗೊಡದಿರುವುದು, ಮುಖವನ್ನು ಚಾಪೆಗೆ ಉಜ್ಜುವುದು. ಇವುಗಳಲ್ಲಿ ಮೊದಲ ಮೂರು ನಮ್ಮ ನಾಯಿಯಲ್ಲಿದ್ದುವು. ಅವನ್ನು ನಾವು ವಯಸ್ಸಿನ ಲಕ್ಷಣವೆಂದು ಓದಿಕೊಂಡಿದ್ದೆವು.

ಎರಡನೆಯ ಪ್ರಮಾಣ ಮನುಷ್ಯರಿಂದ ದೊರೆಯತಕ್ಕದ್ದು. ಇದೇ ಒತ್ತಡವು ಹಠಾತ್ತಾಗಿ ಏರಿದ ಮನುಷ್ಯರು ಕಣ್ಣಿನ ಮತ್ತು ಅರ್ಧತಲೆಯ ಘೋರವಾದ ಬೇನೆಯನ್ನು ಹೇಳುತ್ತಾರೆ, ವಾಂತಿಯೂ ಆಗುವುದುಂಟು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಅಧಿಮಂಥವೆಂಬ ನೇತ್ರರೋಗದ ವರ್ಣನೆಯಿದೆ. ಹೆಸರಿನಲ್ಲಿಯೇ ಕಡೆಯುವುದೆಂಬ ಅರ್ಥವುಳ್ಳ ಆ ರೋಗವನ್ನು ಇಂದಿನ ವಿದ್ವಾಂಸರು ಅನೇಕರು ತೀವ್ರವಾದ ಗ್ಲಾಕೋಮದೊಡನೆ ಹೋಲಿಸುತ್ತಾರೆ. ದೃಷ್ಟಿ ಹೋದಮೇಲೆ ನೋವೂ ಹೋಗುವುದೆಂಬ ಊಹೆಯೂ ತಪ್ಪು. ನೋಟವನ್ನು ಒಯ್ಯುವ ನರವೇ ಬೇರೆ, ಕಣ್ಣಿನ ನೋವನ್ನು ಒಯ್ಯುವ ನರವೇ ಬೇರೆ. ಮೊದಲನೆಯದು ಸತ್ತರೂ ಎರಡನೆಯದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಈ ಅಂಶವೇ ನನ್ನ ಮನಸ್ಸನ್ನು ಬಹುಮಟ್ಟಿಗೆ ತಿರುಗಿಸಿತು.

ಇನ್ನು ಶಸ್ತ್ರಕ್ರಿಯೆಯ ಚರಿತ್ರೆ. 1583ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಅಚ್ಚಾದ ಬಾರ್ಟಿಷ್‌ನ ನೇತ್ರಚಿಕಿತ್ಸಾ ಗ್ರಂಥದಲ್ಲಿ ಮನುಷ್ಯನ ಕಣ್ಣನ್ನು ತೆಗೆಯುವ ವಿಧಾನವಿದೆ. ಗುಡ್ಡೆಗೆ ದಾರ ಪೋಣಿಸಿ ಮುಂದಕ್ಕೆಳೆದು, ಬಾಗಿದ ಕತ್ತಿಯಿಂದ ಕೊಯ್ಯುವುದು, ಅರಿವಳಿಕೆಯಿಲ್ಲ. 1841ರಲ್ಲಿ ಡಬ್ಲಿನ್ನಿನ ಫೆರಾಲ್ ಮತ್ತು ಫ್ರಾನ್ಸಿನ ಬೋನೆ ಎಂಬಿಬ್ಬರು, ಒಬ್ಬರನ್ನೊಬ್ಬರು ಅರಿಯದೆ, ಗುಡ್ಡೆಯನ್ನು ಸುತ್ತಿರುವ ಪೊರೆಯೊಳಗಿನಿಂದಲೇ ಅದನ್ನು ಬಿಡಿಸುವ ನಾಜೂಕಾದ ಕ್ರಮವನ್ನು ಪ್ರಕಟಿಸಿದರು. 1846ರ ಅಕ್ಟೋಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ಈಥರಿನ ಪ್ರಯೋಗ ನಡೆದಮೇಲೆ ಈ ಶಸ್ತ್ರಕ್ರಿಯೆಯು ಕ್ರೌರ್ಯದ ಕಳಂಕದಿಂದ ಪಾರಾಯಿತು.

ಇದರಲ್ಲಿ ಪ್ರಾಣಿಗಳ ಪಾತ್ರವೂ ಉಂಟೆಂಬುದು ಹೆಚ್ಚಾಗಿ ತಿಳಿಯದ ಸಂಗತಿ. ಕುದುರೆಯ ಒಂದು ಕಣ್ಣು ಕೆಟ್ಟರೆ, ಇನ್ನೊಂದನ್ನು ಉಳಿಸಲೆಂದು ಇಂಗ್ಲೆಂಡಿನ ಲಾಳಗಾರರು ಕೆಟ್ಟ ಕಣ್ಣನ್ನು ಸುಣ್ಣದಿಂದಲೋ ಮೊಳೆಯಿಂದಲೋ ನಾಶಮಾಡುತ್ತಿದ್ದರು. ವಾರ್ಡ್ರಾಪ್ ಎಂಬ ವೈದ್ಯನು ಕುದುರೆಯ ನೇತ್ರರೋಗಗಳ ವಿಷಯವಾಗಿ 1819ರಲ್ಲಿ ಬರೆದ ಪ್ರಬಂಧದಲ್ಲಿ ಈ ರೂಢಿಯನ್ನು ಗಮನಿಸಿದ್ದಾನೆ. ಗಾಯಗೊಂಡ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಉರಿಯೂತ ಹಬ್ಬುವ ರೋಗಕ್ಕಾಗಿ ಬ್ರಿಸ್ಟಲ್ ನಗರದ ಪ್ರಿಚರ್ಡನು 1851ರಲ್ಲಿ ಮನುಷ್ಯನ ಕಣ್ಣನ್ನು ತೆಗೆದದ್ದು ಅನಂತರದ ಮಾತು. ಲಾಳಗಾರನ ಕೈಯಲ್ಲಿದ್ದ ಒರಟು ಉಪಾಯವು ವೈದ್ಯನ ಕೈಗೆ ಬಂದು ಶಾಸ್ತ್ರವಾಯಿತು. ಕಣ್ಣಿನ ಒತ್ತಡವನ್ನು ಬೆರಳಿನಿಂದ ಒತ್ತಿ ಅಂದಾಜು ಮಾಡುತ್ತಿದ್ದವರಿಗೆ ನಂಬಲರ್ಹವಾದ ಅಳತೆಯ ಉಪಕರಣ ದೊರೆತದ್ದು 1905ರಲ್ಲಿ, ನಾರ್ವೆಯ ಷಿಯೋಟ್ಸ್‌ನಿಂದ. ಐವತ್ತೆರಡೆಂಬ ಅಂಕಿ ನಮ್ಮ ಮುಂದಿರಲಿಲ್ಲವಾಗಿದ್ದರೆ ತಾಯಿಯವರ ವಾದವೇ ಗೆಲ್ಲುತ್ತಿತ್ತು.

ಬೇರೆ ಮಾರ್ಗಗಳಿಲ್ಲವೆ? ಉಂಟು. ಜೀವಾವಧಿ ಹನಿಮದ್ದು ಹಾಕಬಹುದು. ಕುರುಡಾದ ಕಣ್ಣಿನಲ್ಲಿ ಒತ್ತಡ ಇಳಿಯದಿದ್ದರೆ ಅದರಿಂದ ಪ್ರಯೋಜನವಿಲ್ಲ. ಕಣ್ಣಿನೊಳಕ್ಕೆ ಜೆಂಟಮೈಸಿನ್ ಎಂಬ ಔಷಧವನ್ನು ಚುಚ್ಚಿ, ನೀರು ಒಸರುವ ಭಾಗವನ್ನೇ ಕೊಲ್ಲುವ ಕ್ರಮವಿದೆ. ದೀರ್ಘವಾದ ಅರಿವಳಿಕೆ ತಾಳಲಾರದ ನಾಯಿಗೆ ಇದು ಯೋಗ್ಯ. ಆದರೆ ಫಲ ನಿಶ್ಚಿತವಲ್ಲ. ಕಣ್ಣು ಕುಗ್ಗಿಹೋಗುವುದೂ ಉಂಟು. ಗುಡ್ಡೆಯ ಒಳಭಾಗವನ್ನು ಬರಿದುಮಾಡಿ ಸಿಲಿಕೋನಿನ ಗೋಲವನ್ನಿರಿಸುವುದು ಮತ್ತೊಂದು. ಅದು ನೋಡುವವರ ಕಣ್ಣಿಗೆ ಹಿತ. ನಾಯಿಗೆ ಅದರಿಂದ ವಿಶೇಷವಾದ ಲಾಭವಿಲ್ಲ. ಮುಚ್ಚಲಾರದ ರೆಪ್ಪೆಯುಳ್ಳ ಈ ಜಾತಿಯಲ್ಲಿ ಅನಂತರವೂ ಹುಣ್ಣಾಗುವ ಭಯ ಇದ್ದೇ ಇರುತ್ತದೆ. ಏನನ್ನೂ ಮಾಡದೆ ಬಿಟ್ಟರೆ ಗುಡ್ಡೆ ಹಿಗ್ಗುತ್ತದೆ, ಮೇಲ್ಮೈ ಒಣಗುತ್ತದೆ, ಹುಣ್ಣಾಗಿ ಒಡೆಯಲೂಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕಣ್ಣಿನ ಪ್ರತಿಯೊಂದು ವಿಕಾರಕ್ಕೂ ಈ ಶಸ್ತ್ರಕ್ರಿಯೆ ಉತ್ತರವಲ್ಲ. ಪೊರೆ ಬಂದು ಬಿಳಿಯಾದ ಕಣ್ಣು ಅಷ್ಟರಿಂದಲೇ ನೋಯುವುದಿಲ್ಲ. ಕಣ್ಣಿನ ಒಳಮೂಲೆಯಲ್ಲಿ ಕೆಂಪು ಗುಳ್ಳೆಯಂತೆ ಏಳುವುದು ಮೂರನೆಯ ರೆಪ್ಪೆಯ ಗ್ರಂಥಿ. ಅದನ್ನು ಸ್ವಸ್ಥಾನದಲ್ಲಿರಿಸಿ ಹೊಲಿಯಬೇಕೇ ಹೊರತು ಕತ್ತರಿಸಬಾರದು, ಏಕೆಂದರೆ ಕಣ್ಣೀರಿನ ಒಂದು ಭಾಗ ಬರುವುದು ಅದರಿಂದಲೇ. ಒತ್ತಡ ಏರಿದ್ದು ಇಂದೋ ನಿನ್ನೆಯೋ ಆಗಿದ್ದರೆ ಮೊದಲು ದೃಷ್ಟಿಯನ್ನು ಉಳಿಸುವ ಯತ್ನ ನಡೆಯಬೇಕು. ಕುರುಡು ಮತ್ತು ಇಳಿಸಲಾಗದ ನೋವು ಎರಡೂ ಕೂಡಿದಲ್ಲಿ, ಗುಡ್ಡೆ ಸರಿಪಡಿಸಲಾಗದಂತೆ ಒಡೆದಲ್ಲಿ, ಒಳಗೆ ದುಷ್ಟವಾದ ಗಡ್ಡೆಯಿರುವ ಸಂದೇಹವಿದ್ದಲ್ಲಿ ತೆಗೆಯುವ ಮಾತು ಬರುತ್ತದೆ.

ಅರಿವಳಿಕೆಯ ಭಯ ನಮ್ಮನ್ನು ಬಹಳವಾಗಿ ಕಾಡಿತು. ಗಿಡ್ಡ ಮೂತಿಯ ನಾಯಿಗಳ ಶ್ವಾಸಮಾರ್ಗ ಇಕ್ಕಟ್ಟಾದುದರಿಂದ ಇದು ಬರಿಯ ಭ್ರಮೆಯಲ್ಲ. ಇದಲ್ಲದೆ, ಕಣ್ಣನ್ನು ಎಳೆದಾಗ ಹೃದಯದ ಬಡಿತ ನಿಧಾನವಾಗುವ ಒಂದು ಪ್ರತಿಕ್ರಿಯೆಯಿದೆ. 1908ರಲ್ಲಿ ವರ್ಣಿತವಾದ ಇದನ್ನು ವೈದ್ಯರು ಬಲ್ಲರು, ಅದಕ್ಕೆ ಸಿದ್ಧರಾಗಿಯೂ ಇರುತ್ತಾರೆ. ವಯಸ್ಸೇ ಒಂದು ರೋಗವಲ್ಲವೆಂದು ನಮಗೆ ತಿಳಿಸಿ, ರಕ್ತಪರೀಕ್ಷೆಯಿಂದ ಮೂತ್ರಪಿಂಡಗಳ ಸ್ಥಿತಿಯನ್ನೂ, ಎಕ್ಸ್‌ರೇಯಿಂದ ಎದೆಯನ್ನೂ ನೋಡಿದ ಮೇಲೆಯೇ ಅವರು ದಿನವನ್ನು ಗೊತ್ತುಮಾಡಿದರು. ಆ ಹೊತ್ತಿಗೆ ಮೊದಲ ಸಲಹೆ ಬಂದು ಆರು ವಾರಗಳಾಗಿದ್ದುವು.

ನಮ್ಮ ನಾಡಿನ ಒಂದು ಶಿಲೆಯನ್ನು ಆ ವಾರಗಳಲ್ಲಿ ಪದೇ ಪದೇ ನೆನೆದೆನು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಆತಕೂರಿನ ವೀರಗಲ್ಲು, ಕ್ರಿ.ಶ. 949-50ರದು. ಗಂಗರ ಬೂತುಗನಿಂದ ಮಣಲೆರನು ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ, ಅವನು ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ನಾಯಿಯ ಶೌರ್ಯಕ್ಕೆ ಅಲ್ಲಿ ಶಾಸನವುಂಟು. ನಾಯಿಯ ದೀರ್ಘವ್ಯಾಧಿಗೆ ಶಾಸನವನ್ನು ಕಂಡವನು ನಾನಲ್ಲ.

ಶಸ್ತ್ರಕ್ರಿಯೆಗೆ ಹಿಡಿದದ್ದು ಒಂದು ಗಂಟೆಗಿಂತ ತುಸು ಹೆಚ್ಚು. ಅದೇ ಸಂಜೆ ನಾಯಿಯನ್ನು ಮನೆಗೆ ಕಳುಹಿಸಿದರು. ಎರಡು ದಿನ ಊತವಿತ್ತು, ಮೂಗಿನಿಂದ ಸ್ವಲ್ಪ ರಕ್ತಮಿಶ್ರಿತ ನೀರು ಬಂತು. ಹೀಗಾಗುವುದುಂಟೆಂದು ಮುಂಚಿತವಾಗಿ ಹೇಳಿದ್ದರಾದ್ದರಿಂದ ಗಾಬರಿಯಾಗಲಿಲ್ಲ. ಕೆರೆಯದಂತೆ ಕೊರಳಿಗೆ ಲಾಳಿಕೆಯಾಕಾರದ ಪಟ್ಟಿ ಹಾಕಿ, ಹನ್ನೆರಡನೆಯ ದಿನ ಹೊಲಿಗೆ ತೆಗೆದರು. ತೆಗೆದ ಕಣ್ಣನ್ನು ಪರೀಕ್ಷೆಗೆ ಕಳುಹಿಸಿದ್ದಾಯಿತು, ಗಡ್ಡೆಯ ಕುರುಹಿರಲಿಲ್ಲ.

ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ಅದು ಹಳೆಯ ಕಾಲುಚೀಲವೊಂದನ್ನು ಕಚ್ಚಿಕೊಂಡು ಬಂದು ತಾಯಿಯವರ ಮುಂದಿಟ್ಟಿತು. ಸುಮಾರು ಒಂದು ವರ್ಷದಿಂದ ಬಿಟ್ಟಿದ್ದ ಆಟ ಅದು. ಹಾಗಾದರೆ ನಾವು ಕೆಂಪನ್ನು ಕಾಣುವ ಮೊದಲೇ ಒತ್ತಡ ಆಗಾಗ ಏರಿ ಇಳಿಯುತ್ತಿದ್ದಿರಬೇಕು. ಇದು ಊಹೆಯೇ ಸರಿ. ಆದರೆ ಇದಕ್ಕಿಂತ ಉತ್ತಮವಾದ ಊಹೆ ನನಗೆ ತೋರಿಲ್ಲ. ತಾಯಿಯವರು ಆ ದಿನ ಏನನ್ನೂ ಹೇಳಲಿಲ್ಲ. ಮಾರನೆಯ ದಿನದಿಂದ ಹೊಲಿದ ಪಕ್ಕವನ್ನು ಒರೆಸುವ ಕೆಲಸವನ್ನು ಅವರೇ ವಹಿಸಿಕೊಂಡರು.

ಈ ಬಗೆಯ ಗ್ಲಾಕೋಮ ಹುಟ್ಟಿನಿಂದ ಬಂದ ರಚನೆಯ ದೋಷದಿಂದ ಉಂಟಾಗುವುದರಿಂದ, ಇನ್ನೊಂದು ಕಣ್ಣಿಗೂ ಬರುವ ಸಂಭವವಿದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮುನ್ನೆಚ್ಚರಿಕೆಯ ಹನಿಮದ್ದಿಲ್ಲದ ನಾಯಿಗಳ ಎರಡನೆಯ ಕಣ್ಣಿಗೆ ರೋಗ ಬರುವುದಕ್ಕೆ ಹಿಡಿದ ಮಧ್ಯಮಾವಧಿ ಸುಮಾರು ಎಂಟು ತಿಂಗಳು. ಹನಿಮದ್ದು ಹಾಕಿದವುಗಳಲ್ಲಿ ಸುಮಾರು ಮೂವತ್ತೊಂದು ತಿಂಗಳು. ನಮ್ಮ ನಾಯಿಯ ಬಲಗಣ್ಣಿಗೆ ಈಗ ಬೆಳಗ್ಗೆ ಸಂಜೆ ಒಂದೊಂದು ಹನಿ ಬೀಳುತ್ತಿದೆ. ಮೂರು ತಿಂಗಳಿಗೊಮ್ಮೆ ಒತ್ತಡವನ್ನು ಅಳೆಸುತ್ತೇವೆ. ಕಳೆದ ಬಾರಿ 18 ಇತ್ತು. ಮುಂದೊಮ್ಮೆ ಬೇಕಾದೀತೆಂದು ಮನೆಯ ಮೇಜು ಕುರ್ಚಿಗಳನ್ನು ಸ್ಥಳ ಬದಲಿಸದಂತೆ ಇಟ್ಟಿದ್ದೇವೆ. ಮೆಟ್ಟಿಲ ಬಳಿ ಬಂದಾಗ ನೆಲವನ್ನು ಎರಡು ಬಾರಿ ತಟ್ಟಿ ಎಚ್ಚರಿಸುವ ಅಭ್ಯಾಸವನ್ನೂ ಮಾಡಿಸುತ್ತಿದ್ದೇವೆ.